ಶನಿವಾರದ ಗಡಿಗೆ

ಎಲ್ಲರ ಕೇರಿಯಲ್ಲೂ ಇಣುಕುವ ಸುಲ್ತಾನನೊಬ್ಬನಿದ್ದ. ಒಂದು ಶುಕ್ರವಾರ ಯೆಹೂದಿ ಕೇರಿಗೆ ಬಂದವನೇ ಅಡುಗೆಯ ತಿರ್ಸಾಳನ್ನು ತಡೆದ.

"ಏನೇ, ನಿಮ್ಮ ದೇವರು ಆರು ದಿನ ಲೋಕ ಸೃಷ್ಟಿಸಿ ಏಳನೇ ದಿನ ಕೆಲಸ ಬಿಟ್ಟು ಕೂತನಂತೆ. ಆವತ್ತು ಲೋಕ ನಡೆಸಿದವರು ಯಾರು? ನಾಳೆ ಹೇಳದಿದ್ದರೆ ಕೇರಿಯನ್ನೇ ಖಾಲಿ ಮಾಡಿಸುತ್ತೇನೆ!"

ತಿರ್ಸಾ ತಲೆಬಾಗಿದಳು. "ನಾಳೆ ಮಧ್ಯಾಹ್ನ ಊಟಕ್ಕೆ ಬನ್ನಿ ಪ್ರಭೂ, ಹೇಳುತ್ತೇನೆ."

ಶನಿವಾರ ಯೆಹೂದಿಗಳಿಗೆ ಆ ಏಳನೇ ದಿನ, ಬಿಡುವಿನ ದಿನ; ಅವರು ಒಲೆ ಹಚ್ಚುವುದಿಲ್ಲ. ಸುಲ್ತಾನ ಕತ್ತಿ ಹಿರಿದ ಭಟರೊಂದಿಗೆ ಬಂದು ಕೂತ. ತಿರ್ಸಾ ಗಡಿಗೆಯ ಮುಚ್ಚಳ ತೆಗೆದಳು. ಹಬೆಯೆದ್ದಿತು. ಕಡಲೆ, ಮಾಂಸ ಹದವಾಗಿ ಬೆಂದಿದ್ದವು.

ಸುಲ್ತಾನ ಬೆರಳು ನೆಕ್ಕಿದ. "ಇವತ್ತು ಇದನ್ನು ಬೇಯಿಸಿದವರು ಯಾರು?"

"ಯಾರೂ ಇಲ್ಲ. ನಿನ್ನೆಯೇ ಕೆಂಡದ ಮೇಲಿಟ್ಟು ಕೂತೆ. ದೇವರೂ ಎಲ್ಲ ಹದಮಾಡಿಟ್ಟೇ ಕೂತದ್ದು."

"ನಡುನಡುವೆ ಬಂದು ನೋಡಬೇಡವೇ?"

"ಮುಚ್ಚಳ ತೆಗೆತೆಗೆದು ಇಣುಕುವುದು ಅಡುಗೆ ಬಾರದವರು, ಪ್ರಭೂ."

ಭಟರು ಸುಲ್ತಾನನ ಮುಖ ನೋಡಿದರು. ಸುಲ್ತಾನ ಅವರನ್ನು ಹೊರಗೆ ಕಳಿಸಿ, ತಟ್ಟೆಯನ್ನು ಮತ್ತೆ ಮುಂದಕ್ಕೆ ಚಾಚಿದ.