ಆಲೆಮನೆಯ ಕಲ್ಲು

"ಗುರುಗಳೇ, ಮೊದಲು ಯಾವ ಕೆಲಸವನ್ನು ಬರೆಯಲಿ?" ಎಂದು ಧರಣೇಂದ್ರ ಕೇಳಿದ.

ರೋಗಿಗೆ ಉಸಿರು ನೀಡುವ ಪುಟ್ಟ ಯಂತ್ರವೊಂದಕ್ಕೆ ಅವನು ಆಪರೇಟಿಂಗ್ ಸಿಸ್ಟಂ ಕಟ್ಟಲು ಹೊರಟಿದ್ದ. ಯಂತ್ರದೊಳಗೆ ಇದ್ದದ್ದು ಒಂದೇ ಚಿಪ್. ಅದು ಸರದಿಯಂತೆ ಮಾಡಬೇಕಾದ ಕೆಲಸಗಳು ಹನ್ನೊಂದು. ರೋಗಿಯ ಉಸಿರು ಕರೆದಾಗ ತಡವಾಗುವಂತಿಲ್ಲ. ಹನ್ನೊಂದನ್ನೂ ಅವನು ಹಾಳೆಯ ಮೇಲೆ ಒತ್ತೊತ್ತಾಗಿ ಜೋಡಿಸಿ ತಂದಿದ್ದ.

"ನೋಡಿ, ಚಿಪ್ ಒಂದು ಕ್ಷಣವೂ ಸುಮ್ಮನಿರುವುದಿಲ್ಲ."

ಗುರುಗಳು ಹಾಳೆಯನ್ನು ಓದಿ ಮಡಿಚಿಟ್ಟರು. ಆಮೇಲೆ ಹೇಳಿದರು:

ಒಬ್ಬ ರೈತನಿಗೆ ಆಲೆಮನೆ ಇತ್ತು. ಅಲ್ಲಿ ಒಬ್ಬ ಗಾಣಕ್ಕೆ ಕಬ್ಬು ಕೊಡುತ್ತಿದ್ದ. ಒಬ್ಬ ಒಲೆಗೆ ಸಿಪ್ಪೆ ಹಾಕುತ್ತಿದ್ದ. ಒಬ್ಬ ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲನ್ನು ತಿರುವುತ್ತಿದ್ದ. ಒಬ್ಬ ಮುದುಕ ಮಾತ್ರ ಪಕ್ಕದ ಕಲ್ಲಿನ ಮೇಲೆ ಕೂತಿರುತ್ತಿದ್ದ. ಪಾಕ ಹದಕ್ಕೆ ಬಂದಾಗ ತಿರುವುವವನು ಕೂಗುತ್ತಿದ್ದ. ಮುದುಕ ಎದ್ದು ಕೊಪ್ಪರಿಗೆಯ ಇನ್ನೊಂದು ಬದಿ ಹಿಡಿಯುತ್ತಿದ್ದ. ಇಳಿಸಿ, ಮತ್ತೆ ಬಂದು ಕೂರುತ್ತಿದ್ದ.

ಮಗಳ ಮದುವೆಯ ಹೋಳಿಗೆಗೆ ಬೆಲ್ಲ ಮಾಡಿಸುವ ದಿನ ರೈತ ತಾನೇ ಬಂದು ನಿಂತ. ಮುದುಕ ಕಣ್ಣಿಗೆ ಬಿದ್ದ.

"ಏನಜ್ಜ, ಕಲ್ಲು ಎದ್ದು ಓಡಿಹೋಗ್ತದೆ ಅಂತ ಹಿಡ್ಕೊಂಡು ಕೂತಿದ್ದೀಯಾ?"

"ಇಲ್ಲ ಗೌಡ್ರೇ, ಕರೆಯೋದನ್ನ ಕಾಯ್ತಾ ಇದೀನಿ."

"ಕಾಯೋದೂ ಒಂದು ಕೆಲಸವಾ? ಏಳು, ಸಿಪ್ಪೆ ಹೊತ್ತು ತಾ."

ಮುದುಕ ಎದ್ದು ಹೋದ. ಈಗ ಆಲೆಮನೆಯಲ್ಲಿ ಸುಮ್ಮನಿರುವವರು ಯಾರೂ ಇಲ್ಲವೆಂದು ರೈತನಿಗೆ ಸಮಾಧಾನವಾಯಿತು. "ಪಾಕ ಬಂತು!" ಎಂಬ ಕೂಗು ಕೇಳಿದಾಗ ಮುದುಕನ ತಲೆಯ ಮೇಲೆ ಹೊರೆ ಇತ್ತು. ಹೊರೆ ಇಳಿಸಿ ಓಡಿಬಂದ. ಆ ಆಲೆಮನೆಯಲ್ಲಿ ಯಾರೂ ಎಂದೂ ಅಷ್ಟು ಬೇಗ ಓಡಿರಲಿಲ್ಲ. ಅಷ್ಟರಲ್ಲಿ ಪಾಕ ತಳ ಹಿಡಿದಿತ್ತು. ಬೆಲ್ಲ ಕಪ್ಪಾಯಿತು, ಕಹಿಯಾಯಿತು.

ಮರುದಿನ ಮತ್ತೆ ಕೊಪ್ಪರಿಗೆ ಏರಿಸಿದರು. ರೈತ ಹೆಗಲ ಮೇಲಿನ ಟವೆಲ್ಲಿನಿಂದ ಕಲ್ಲಿನ ಬೂದಿ ಒರೆಸಿ, "ಕೂತ್ಕೋ ಅಜ್ಜ" ಎಂದ. ಬೆಲ್ಲ ಹೊನ್ನಿನ ಬಣ್ಣಕ್ಕೆ ಬಂತು. ಮದುವೆಯಲ್ಲಿ ಉಂಡವರು ಇನ್ನೊಂದು ಹೋಳಿಗೆ ಕೇಳಿ ಹಾಕಿಸಿಕೊಂಡರು.

ಧರಣೇಂದ್ರ ನಕ್ಕ. "ಕತೆ ಚೆನ್ನಾಗಿದೆ, ಗುರುಗಳೇ. ಆದರೆ ನಾನು ಮೊದಲು ಬರೆಯಬೇಕಾದದ್ದು?"

ಗುರುಗಳು ಹಾಳೆಯನ್ನು ಅವನ ಕೈಗೆ ಮರಳಿಸಿದರು.

"ಕಲ್ಲಿನ ಮೇಲೆ ಕೂರುವವನನ್ನು ಬರೆ."