ಅಜ್ಜಾರಿಗೆ ಕಟ್ಟಿದ ಪಾವಟಿಗೆ

ಹೊಳೆದಂಡೆಯ ಮಠದಲ್ಲಿ ಅಡವಯ್ಯಜ್ಜ ಅಂತ ಗುರುಗಳಿದ್ದರು. ವಯಸ್ಸಾಗಿ ಮೊಣಕಾಲು ಬಿಗಿದುಹೋಗಿದ್ದವು. ದಿನಾ ಬೆಳಗ್ಗೆ ಶಿಷ್ಯರೇ ಹೊತ್ತುಕೊಂಡು ದಂಡೆ ಇಳಿಸಿ, ಹೊಳೆಯಲ್ಲಿ ಸ್ನಾನ ಮಾಡಿಸಿ ತರುತ್ತಿದ್ದರು.

ಒಂದು ದಿನ ಅಜ್ಜ ಅಂದರು: "ಕಣ್ಣು ಮುಚ್ಚೋದರೊಳಗ ಒಮ್ಮೆ ನನ್ನ ಕಾಲಿಲೇ ನಾನು ಹೊಳಿಗೆ ಇಳೀಬೇಕಪಾ."

ಶಿಷ್ಯ ಚನ್ನವೀರನಿಗೆ ಆ ಮಾತು ಕರುಳಿಗೇ ತಾಕಿತು. ಹೊಳೆಗಿಳಿಯುವ ಮೆಟ್ಟಿಲು, ಕಲ್ಲಿನ ಪಾವಟಿಗೆ ಕಟ್ಟಿಯೇ ಸೈ ಅಂತ ಅವತ್ತೇ ಹಾರೆ ಹಿಡಿದು ದಂಡೆಗೆ ನಡೆದ.

"ಚನ್ನವೀರಾ, ಬಾ ಇಲ್ಲಿ. ಸ್ವಲ್ಪ ಮಾತಾಡೋದೈತಿ."

"ಮಾತು ಆಮೇಲ್ರಿ ಅಜ್ಜಾರ. ಮಳಿ ಹಿಡಿಯೋದರೊಳಗ ಮುಗೀಬೇಕು."

ಬೇಸಿಗೆಯೆಲ್ಲ ಕಲ್ಲು ಹೊತ್ತ. ದೊಡ್ಡ ದೊಡ್ಡ ಕಲ್ಲಾದರೆ ಪಾವಟಿಗೆ ಕಡಿಮೆ ಸಾಕು, ಕೆಲಸ ಬೇಗ ಆಗುತ್ತದೆ. ಒಂದೊಂದು ಕೂರಿಸಿದಾಗಲೂ ತಾನೇ ಹತ್ತಿ ಇಳಿದು ನೋಡುತ್ತಿದ್ದ. ಗಟ್ಟಿ. ಒಂಚೂರೂ ಅಲುಗಾಡದು. ಗಾರೆ ತುಂಬುತ್ತಿದ್ದ.

ನೀರಿಗೆ ಬಂದ ಗಂಗವ್ವ ಕೊಡ ಸೊಂಟಕ್ಕಿಟ್ಟು ನಿಂತಳು. "ಏನೋ, ಆನಿ ಇಳಸ್ತೀಯೇನು ಇಲ್ಲಿ?"

"ನಮ್ಮ ಅಜ್ಜಾರು ಆನಿಗಿಂತ ಕಡಿಮೇನಬೇ?" ಅಂತ ನಕ್ಕ.

ಅಜ್ಜ ಮತ್ತೆ ಹೇಳಿ ಕಳಿಸಿದರು. ಅವನು ಕೈಯ ಗಾರೆ ತೋರಿಸಿ, ಕರೆಯಲು ಬಂದವರನ್ನು ಹಾಗೇ ವಾಪಸು ಕಳಿಸಿದ.

ಪಡುವಣಕ್ಕೆ ಮೋಡ ಕಟ್ಟಿದ ದಿನ ಕೆಲಸ ಮುಗಿಯಿತು. ಓಡಿಹೋಗಿ ಅಜ್ಜನನ್ನು ಕರೆತಂದ.

ಅಜ್ಜ ಕೋಲೂರಿಕೊಂಡು ಬಂದು ಮೇಲಿನ ಕಲ್ಲಿನ ಮೇಲೆ ನಿಂತರು. ಕೆಳಗಿನ ಕಲ್ಲಿಗೆ ಬಲಗಾಲು ಚಾಚಿದರು. ನಿಲುಕಲಿಲ್ಲ. ಎಡಗಾಲು ಚಾಚಿದರು. ನಿಲುಕಲಿಲ್ಲ.

"ಇನ್ನೊಂದೀಟು ಬಗ್ಗಸ್ರಿ ಅಜ್ಜಾರ..."

"ಬಗ್ಗೂದಿಲ್ಲೋ."

ಚನ್ನವೀರ ಹಾರೆಗೆ ಓಡಿದ. "ಒಡದು ತಗೀತೀನ್ರಿ, ಈಗಿಂದೀಗ!" ಹಾರೆ ಎತ್ತಿ ಹೊಡೆದ. ಕಿಡಿ ಹಾರಿತು, ಕಲ್ಲು ಮಿಸುಕಲಿಲ್ಲ. ಪಡುವಣದ ಮಳೆಗೆ ಹೊಳೆ ಆಗಲೇ ಕೆಂಪಾಗಿ ತುಂಬಿ, ಕೆಳಗಿನ ಪಾವಟಿಗೆಗಳನ್ನು ನುಂಗುತ್ತಿತ್ತು.

"ಬರೂ ಬ್ಯಾಸಗಿಗೆ ಸಣ್ಣ ಸಣ್ಣವು ಕಟ್ಟತೀನ್ರಿ. ಆವಾಗ ನೀವು..."

ಅಜ್ಜನ ಮುಖ ನೋಡಿದ. ಅವರ ಕಾಲ ಬುಡದಲ್ಲಿ ಕುಸಿದು ಕೂತ.

ಅಜ್ಜ ಅವನ ಹೆಗಲಿಗೆ ಕೈಯೂರಿದರು. "ನನ್ನ ಮೊಣಕಾಲ ಮ್ಯಾಲ ಕೈ ಇಡು."

ಇಟ್ಟ. ಅಜ್ಜ ಮೆಲ್ಲಗೆ ಪಾದ ಎತ್ತಿದರು. ಅಂಗೈಯಡಿ ಎಲುಬು ಕಟಕಟ ಅಂದು ನಿಂತುಬಿಟ್ಟಿತು. ಪಾದ ನೆಲದಿಂದ ನಾಲ್ಕು ಬೆರಳು ಮೇಲಿತ್ತು, ಅಷ್ಟೇ.

ಅಜ್ಜ ಅಂದರು: "ಇಲ್ಲಿಂದ ಶುರು ಮಾಡಬೇಕಿತ್ತಪಾ, ಕೆಲಸ."