ಕೋಲು ಎತ್ತಿ ನಿಂತವನು

"ಗುರುಗಳೇ, ಹಿಂದೆ ಬೀಳುವವನನ್ನು ಮುಂದೆ ನಿಂತವನು ಎಷ್ಟು ದಿನ ತಾಳಿಕೊಳ್ಳಬೇಕು?"

ಕೇಳಿದವನು ಮರುಳಸಿದ್ಧ. ಮಠದ ಭಜನೆಯಲ್ಲಿ ಸಾಲು ಹೇಳಿಕೊಡುವ ಕೆಲಸ ಅವನಿಗೆ ಹೊಸದಾಗಿ ಬಂದಿತ್ತು. ಮುದುಕ ಗಾಣಿಗನೊಬ್ಬ ಪ್ರತಿ ಸಾಲನ್ನೂ ಎಲ್ಲರೂ ಮುಗಿಸಿದ ಮೇಲೆ ಎಳೆಯುತ್ತಿದ್ದ. ಅವನನ್ನು ಹೊರಗೆ ಕೂರಿಸಲು ಮರುಳಸಿದ್ಧನಿಗೆ ಅಪ್ಪಣೆ ಬೇಕಾಗಿತ್ತು.

ಗುರುಗಳು ಕತೆ ಹೇಳಿದರು.

ಒಂದೂರಿನಲ್ಲಿ ಕೋಲಾಟದ ಮೇಳವಿತ್ತು. ನಡುವೆ ನಿಂತು ತಾಳ ತಟ್ಟಿ, ಹಾಡಿ, ಹೆಜ್ಜೆ ಬದಲಿಸುವಾಗ ಕೂಗಿ ಹೇಳುವುದು ಒಬ್ಬ ಕುಂಬಾರನ ಕೆಲಸ. ಅವನ ದನಿ ದೊಡ್ಡದು. ಆ ದನಿಯ ಮೇಲೆ ಅವನಿಗಿದ್ದ ಮೋಹ ಇನ್ನೂ ದೊಡ್ಡದು. ಮೇಳ ತಿರುಗುವುದೇ ತನ್ನ ಬಾಯಿಂದ ಎಂದು ನಂಬಿದ್ದ.

ಮೇಳಕ್ಕೆ ಒಬ್ಬ ನೇಕಾರ ಹೊಸದಾಗಿ ಸೇರಿದ. ಎಲ್ಲರೂ ತಿರುಗಿದ ಮೇಲೆ ಅವನು ತಿರುಗುತ್ತಿದ್ದ. ಅವನ ಕೋಲು ಎದುರಿನವನ ಕೋಲಿಗೆ ತಾಗದೆ ಬೆರಳಿಗೆ ತಾಗುತ್ತಿತ್ತು. ಆ ಬೆರಳು ಒಬ್ಬ ವ್ಯಾಪಾರಿಯದು. ಊದಿದ ಬೆರಳನ್ನು ಅವನು ಕುಂಬಾರನ ಮೂಗಿನ ಮುಂದೆ ಹಿಡಿದ.

"ನಾಳೆ ಅಂಗಡಿಯಲ್ಲಿ ತಕ್ಕಡಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿಯಲೇನಯ್ಯಾ? ಇವನ ಕೈಯಿಂದ ಕೋಲು ಇಳಿಸು."

ಆಗಲಿ, ಇದೊಂದು ಹಾಡು ಮುಗಿಯಲಿ ಎಂದ ಕುಂಬಾರ. ನೇಕಾರನಿಗೂ ಅದು ಕೇಳಿಸಿತು. ಅವನು ಕೋಲುಗಳನ್ನು ಬಿಗಿಯಾಗಿ ಹಿಡಿದ.

ಹಾಡು ನಡೆಯಿತು. ಹೆಜ್ಜೆ ಬದಲಿಸುವ ಹೊತ್ತಿಗೆ ಸರಿಯಾಗಿ ಕುಂಬಾರನಿಗೆ ಕೆಮ್ಮು ಹತ್ತಿ ಮಾತು ಹೊರಡಲಿಲ್ಲ. ಆದರೂ ಮೇಳ ತಿರುಗಿತು. ಹಳಬರಿಗೆ ಹಾಡು ಬಾಯಿಪಾಠ. ಅವರು ಯಾವತ್ತೂ ಅವನ ಕೂಗಿಗೆ ಕಾದವರಲ್ಲ. ನೇಕಾರನೊಬ್ಬನೇ ಕೋಲು ಎತ್ತಿ ಹಿಡಿದು, ಕುಂಬಾರನ ಬಾಯಿಯನ್ನೇ ನೋಡುತ್ತ ನಿಂತಿದ್ದ.

ಆಗ ಕುಂಬಾರನಿಗೆ ಹೊಳೆಯಿತು. ಇಷ್ಟು ವರ್ಷ ತಾನು ಕೂಗುತ್ತಿದ್ದುದು ಹೆಜ್ಜೆ ಬದಲಾಗುವ ಗಳಿಗೆಯಲ್ಲೇ. ಕೇಳಿ ಕುಣಿಯುವವನಿಗೆ ಕಾಲೆತ್ತಲೂ ಪುರಸೊತ್ತು ಇರಲಿಲ್ಲ.

ಅವನು ಕೋಲು ಇಳಿಸು ಎನ್ನಲಿಲ್ಲ. ಮುಂದಿನ ಹಾಡಿನಲ್ಲಿ ತಾಳದ ಒಂದು ಪೆಟ್ಟು ಮೊದಲೇ ಕೂಗಿದ. ನೇಕಾರನ ಕೋಲು ನೇರವಾಗಿ ವ್ಯಾಪಾರಿಯ ಕೋಲಿಗೇ ಹೋಗಿ ತಾಗಿತು. ಬೆರಳು ಎಳೆದುಕೊಳ್ಳಲು ಸಿದ್ಧನಾಗಿದ್ದ ವ್ಯಾಪಾರಿ ಬೆಪ್ಪಾದ.

ಕೆಲವು ದಿನ ಕಳೆದ ಮೇಲೆ ಕುಂಬಾರ ಹಳೆಯ ಹಾಡಿಗೇ ಒಂದು ಹೊಸ ತಿರುವು ಕೂಗಿದ. ಹಳಬರು ರೂಢಿಯ ಬಲಕ್ಕೆ ತಿರುಗಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದರು. ನೇಕಾರ ಎಡಕ್ಕೆ ತಿರುಗಿ ಸರಿಯಾಗಿ ನಿಂತಿದ್ದ. ಹಳಬರು ನಕ್ಕರು, ಮೊದಲ ಸಲ ಕಿವಿಗೊಟ್ಟರು. ಆ ಮೇಳ ಹೊಸದನ್ನು ಕಲಿಯತೊಡಗಿದ್ದು ಆವತ್ತಿನಿಂದ.

ಕತೆ ಮುಗಿಸಿ ಗುರುಗಳು ಶಿಷ್ಯನ ಕಡೆ ತಿರುಗಿದರು.

"ಉಳಿದವರಿಗೆಲ್ಲ ಭಜನೆ ಬಾಯಿಪಾಠ, ಗಾಣಿಗನನ್ನೂ ಹೊರಗೆ ಕೂರಿಸಿದರೆ ನೀನು ಹೇಳಿಕೊಡುವುದು ಯಾರಿಗಪ್ಪಾ?"